ಬೆರಳಿಗೊಂದು ಉದ್ದ ಪದ

ನನ್ನ ತಂಗಿಯ ಮಗಳು ವೀಣಾ ಅಮೀರ್‌ಪೇಟ್‌ನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುವ ಕೆಲಸಕ್ಕೆ ಸೇರಿದ್ದಾಳೆ. ಹೊಸದಾಗಿ ಬಂದವರಿಗೆ ಕೀಬೋರ್ಡಿನ ಮೇಲೆ ಬೆರಳಿಡುವುದನ್ನು ಹೇಳಿಕೊಡುವುದು ಅವಳ ಪಾಲಿಗೆ ಬಂದಿದೆ. ದೊಡ್ಡ ಸಾಫ್ಟ್‌ವೇರ್ ಪಾಠ ಹೇಳುವವರು ಈ ಕೆಲಸವನ್ನು ಬಲು ಹಗುರವಾಗಿ ನೋಡುತ್ತಾರಂತೆ. ಒಂದು ಭಾನುವಾರ ಮುಖ ಊದಿಸಿಕೊಂಡು ನಮ್ಮ ಮನೆಗೆ ಬಂದಳು.

"ದೊಡ್ಡವ್ವಾ, ನೀ ಜಿಂದಗಿಪೂರ್ತಿ ಇದನ್ನ ಮಾಡೀದಿ. ಬ್ಯಾಸರ ಬರಲಿಲ್ಲೇನು? ದಿನಾ ಅದ ಎ ಎಸ್ ಡಿ ಎಫ್!"

"ಬ್ಯಾಸರ ಬೆರಳಿಗೆ ಬರತೈತಿ. ಕಲಸಾವ್ರಿಗೆ ಯಾಕ ಬರಬೇಕು?" ಎಂದೆ.

"ಹಂಗಾರ ಹೆಂಗ ಕಲಸ್ತಿದ್ದಿ ಅಂತ ಬರದು ಕೊಡು" ಎಂದು ಗಂಟುಬಿದ್ದಳು. ಅದಕ್ಕೇ ಈ ಬರಹ. ವೀಣಾ, ಇದರಲ್ಲಿ ಬಡ್ತಿ, ಸನ್ಮಾನ, ಶಾಲು ಹಾರ ಹುಡುಕಬೇಡ. ನಾನು ಟೈಪಿಂಗ್ ಇನ್‌ಸ್ಟ್ರಕ್ಟರ್ ಆಗಿ ಒಳಗೆ ಹೋದೆ, ಟೈಪಿಂಗ್ ಇನ್‌ಸ್ಟ್ರಕ್ಟರ್ ಆಗಿಯೇ ಹೊರಗೆ ಬಂದೆ. ನಡುವೆ ಕೂದಲು ಬೆಳ್ಳಗಾಯಿತು, ಅಷ್ಟೆ.

ನಮ್ಮ ಇನ್‌ಸ್ಟಿಟ್ಯೂಟ್ ಇದ್ದದ್ದು ಬೇಗಂ ಬಜಾರಿನಲ್ಲಿ, ಒಂದು ಸ್ಟೀಲ್ ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಕೆಳಗೆ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಟಣ್ ಟಣ್, ಮೇಲೆ ನಮ್ಮ ಟೈಪ್ ಮಷಿನ್‌ಗಳ ಟಕ ಟಕ. ಹೊಸಬರು ಎರಡು ದಿನ ಕಿವಿ ಮುಚ್ಚಿಕೊಳ್ಳುತ್ತಿದ್ದರು, ಮೂರನೆಯ ದಿನ ಅದಿಲ್ಲದೆ ಕೈ ಓಡುತ್ತಿರಲಿಲ್ಲ. ಯಜಮಾನರು ವೀರಭದ್ರಪ್ಪ ಮಾಸ್ತರು, ರಾಯಚೂರು ಕಡೆಯವರು. ಬಿಳಿ ಪೈಜಾಮ, ಕಪ್ಪು ಕೋಟು, ಬೇಸಿಗೆಯಲ್ಲೂ ಕೋಟು. ಕೆಲಸ ಕೇಳಲು ಹೋದಾಗ ನನ್ನ ಸರ್ಟಿಫಿಕೇಟನ್ನು ಅವರು ತೆರೆದೂ ನೋಡಲಿಲ್ಲ.

"ಕೈ ಮೇಜಿನ ಮ್ಯಾಲ ಇಡ್ರಿ. ಉಂಗುರದ ಬೆರಳು ಒಂದನ್ನ ಎತ್ತಿ ಬಡೀರಿ. ಉಳದಾವು ಅಲಗಬಾರದು" ಎಂದರು.

ಎತ್ತಿದೆ. ಪಕ್ಕದ ಬೆರಳುಗಳೂ ಮದುವೆಯ ಬೀಗರ ಹಾಗೆ ಜೊತೆಗೇ ಎದ್ದವು.

"ನೋಡ್ರಿ, ಈ ಬೆರಳು ಎಲ್ಲಾರದೂ ಮೊಂಡ ಐತಿ. ನಿಮ್ಮದೂ ಮೊಂಡ. ಅಂದ್ರ ಹುಡುಗರ ತ್ರಾಸು ನಿಮಗ ತಿಳೀತೈತಿ. ನಾಳೆಯಿಂದ ಬರ್ರಿ ಸುಶೀಲಾಬಾಯಿ" ಎಂದರು. ನನಗೆ ಸಿಕ್ಕ ಮೊದಲ ಪಾಠ ಅದು. ನಾವು ಕಲಿಸುವುದು ಇಂಗ್ಲಿಷನ್ನಲ್ಲ, ಮಷಿನನ್ನೂ ಅಲ್ಲ. ಎದುರಿಗೆ ಕೂತವರ ಯಾವ ಬೆರಳು ಅಂಜುತ್ತದೆ ಎಂಬುದನ್ನು ಕಂಡುಹಿಡಿಯುವುದೇ ನಮ್ಮ ಕೆಲಸ.

ಗೋಡೆಯ ಮೇಲೆ ಮಾಸ್ತರು ತಾವೇ ಬಣ್ಣ ಹಚ್ಚಿದ ಒಂದು ದೊಡ್ಡ ಪಟವಿತ್ತು. ಯಾವ ಅಕ್ಷರ ಯಾವ ಬೆರಳಿನ ಪಾಲು ಎಂದು ಬೇರೆ ಬೇರೆ ಬಣ್ಣ. ಒಂದರ ಮನೆಗೆ ಇನ್ನೊಂದು ಕಾಲಿಡುವಂತಿಲ್ಲ. ಕೀಲಿಗಳ ಮೇಲೆ ಬಟ್ಟೆಯ ಮುಸುಕು, ಕಣ್ಣು ಎದುರಿನ ಕಾಗದದ ಮೇಲೆ. ಯಾರಾದರೂ ತೋರುಬೆರಳಿನಿಂದ ಕುಟುಕಿದರೆ ಮಾಸ್ತರು ಹಿಂದಿನಿಂದ ಬಂದು, "ಕೋಳಿ ಕಾಳು ತಿನ್ನಾಕತ್ತೈತೇನು?" ಎನ್ನುತ್ತಿದ್ದರು.

ಪುಸ್ತಕದ ಪಾಠಗಳನ್ನು ಹುಡುಗರು ಚೆನ್ನಾಗಿಯೇ ಹೊಡೆಯುತ್ತಿದ್ದರು. ಪರೀಕ್ಷೆಯ ಪುಟ ಬಂದಾಗ ಎಡವುತ್ತಿದ್ದರು. ಬಹಳ ದಿನ ನನಗೆ ಕಾರಣ ತಿಳಿಯಲಿಲ್ಲ. ಆಮೇಲೆ ಹಿಂದೆ ನಿಂತು ಬೆರಳುಗಳನ್ನೇ ನೋಡುತ್ತಾ ಹೊಳೆಯಿತು. ಪಾಠದಲ್ಲಿ ಕಷ್ಟದ ಅಕ್ಷರ ಬರುತ್ತದೆಂದು ಮೊದಲೇ ಗೊತ್ತಿರುತ್ತದೆ, ಬೆರಳು ಸಜ್ಜಾಗಿ ಕೂತಿರುತ್ತದೆ. ನಿಜವಾದ ಬರಹದಲ್ಲಿ ಅದು ಉದ್ದ ಪದದ ಹೊಟ್ಟೆಯೊಳಗೆ, ಕೈ ಓಡುತ್ತಿರುವಾಗ, ಹೇಳದೆ ಕೇಳದೆ ಬರುತ್ತದೆ. ಹಾಗಾದರೆ ಅಂಜುವ ಅಕ್ಷರವಿರುವ ಉದ್ದ ಪದವನ್ನೇ ಅಭ್ಯಾಸಕ್ಕೆ ಕೊಟ್ಟರೆ? ಬಲಗೈ ಕಿರುಬೆರಳು ಸೋಲುತ್ತಿದ್ದ ರಹೀಮನಿಗೆ ಮೂರು ಪಿ ಇರುವ ಅಪ್ರೆಂಟಿಸ್‌ಶಿಪ್ ಕೊಟ್ಟೆ. ಒಂದು ವಾರ ಆ ಪದವನ್ನೇ ತಿಂದು ಉಂಡು ಮಲಗಿದ. ಎಂಟನೆಯ ದಿನ ಅವನ ಪಿ ಅಚ್ಚುಕಟ್ಟಾಗಿ ಕಾಗದಕ್ಕೆ ಬಿತ್ತು. ಆವತ್ತಿನಿಂದ ನಾನು ಪದದ ವೈದ್ಯೆ ಆದೆ. ಹುಡುಗರು ಬಂದೊಡನೆ, "ಟೀಚರ್, ನನ್ನ ಗುಳಿಗಿ?" ಎಂದು ಕೈ ಚಾಚುತ್ತಿದ್ದರು.

ಈಗ ವೀಣಾ ಕಂಪ್ಯೂಟರಿಗೆ ಮೂರು ಅಕ್ಷರ ಹೇಳಿದರೆ ಆ ಅಕ್ಷರಗಳಿರುವ ಉದ್ದುದ್ದ ಪದಗಳೆಲ್ಲ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಂದು ನಿಲ್ಲುತ್ತವೆ. ಅವಳು ಮಾಡಿ ತೋರಿಸಿದಾಗ ನನಗೆ ಖುಷಿಯೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನಮ್ಮ ಕಾಲಕ್ಕೆ ಇದ್ದದ್ದು ನಿಘಂಟು. ನಿಘಂಟಿನಲ್ಲಿ ಮೊದಲ ಅಕ್ಷರ ತಿಳಿದಿದ್ದರೆ ಪದ ಸಿಗುತ್ತದೆ. ಹೊಟ್ಟೆಯಲ್ಲಿ ಎಕ್ಸ್ ಇರುವ ಪದ ಬೇಕೆಂದರೆ ಪುಟಪುಟವನ್ನೂ ಓದಬೇಕು. ನಾನು ಬಸ್ಸಿನಲ್ಲಿ ಓದಿದೆ, ಹಾಲು ಕಾಯಿಸುತ್ತಾ ಓದಿದೆ, ಹಾಲು ಉಕ್ಕಿಸುತ್ತಾ ಓದಿದೆ. ನನ್ನವರು, "ಎಲ್ಲಾರೂ ಕಾದಂಬರಿ ಓದತಾರ, ನಮ್ಮಾಕಿ ಡಿಕ್ಷನರಿ ಓದತಾಳ. ಕಡೀಕೆ ಯಾರ ಲಗ್ನ ಆತು ಹೇಳು" ಎಂದು ಕಾಡುತ್ತಿದ್ದರು.

ಹಾಲು ಉಕ್ಕಿದ್ದನ್ನು ತಾಳಲಾರದೆ ಈ ಕೆಲಸಕ್ಕೆ ಕೈಹಾಕಿದವರು ನಮ್ಮ ಅತ್ತೆ ನೀಲವ್ವ. ಅವರಿಗೆ ಇಂಗ್ಲಿಷ್ ಒಂದಕ್ಷರವೂ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ನನ್ನ ಪಕ್ಕ ಕೂತು ಕೇಳಿದರು.

"ಏನು ಹುಡುಕಾಕತ್ತೀ ಅದನ್ನರ ಹೇಳು. ಅಕ್ಕಿ ಹಸನ ಮಾಡೂ ಕಣ್ಣು ನನ್ನವು."

ಕಾಗದದ ಮೇಲೆ ಎಕ್ಸ್ ಬರೆದು ತೋರಿಸಿದೆ.

"ಇದು ಕತ್ತರಿ" ಎಂದರು. ಎಸ್ ಬರೆದೆ. "ಇದು ಹಾವು." ಡಬ್ಲ್ಯೂ ಬರೆದೆ. ಅದನ್ನು ಕೊಂಚ ಹೊತ್ತು ನೋಡಿ, "ಇದು ನಿಮ್ಮ ಮಾವನ ಹಲ್ಲು" ಎಂದರು. ಮಾವ ಅಲ್ಲೇ ಕೂತಿದ್ದರು, ಬಾಯಿ ಮುಚ್ಚಿಕೊಂಡರು.

ಅಂದಿನಿಂದ ಇಂಗ್ಲಿಷ್ ಪೇಪರು ಮಧ್ಯಾಹ್ನ ಅತ್ತೆಯ ಪಾಲಿಗೆ ಹೋಗುತ್ತಿತ್ತು. ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಒಂದು ಕಡ್ಡಿ ಇಟ್ಟುಕೊಂಡು, ಕತ್ತರಿ ಸಿಕ್ಕ ಕಡೆಯೆಲ್ಲ ಕುಂಕುಮದ ಬೊಟ್ಟು ಇಡುತ್ತಿದ್ದರು. ಪೆನ್ಸಿಲ್ ಹಿಡಿಯುವುದು ಅವರಿಗೆ ಒಗ್ಗಲಿಲ್ಲ. ಸಂಜೆ ನಾನು ಬಂದಾಗ ಪೇಪರಿನ ತುಂಬ ಕೆಂಪು ಬೊಟ್ಟು. ಅದರಲ್ಲಿ ಉದ್ದವಾದದ್ದನ್ನು ನಾನು ಆರಿಸಿಕೊಳ್ಳುತ್ತಿದ್ದೆ. ಯಾವ ಪದ ಯಾವ ಹುಡುಗನಿಗೆ ಹೋಯಿತು, ಅವನ ಬೆರಳು ಸರಿಹೋಯಿತೋ ಇಲ್ಲವೋ ಎಂಬುದನ್ನೆಲ್ಲ ಅವರಿಗೆ ವರದಿ ಒಪ್ಪಿಸಬೇಕಾಗಿತ್ತು. ನೋಡದ ಹುಡುಗರ ಬೆರಳಿನ ಸುಖದುಃಖ ನಮ್ಮ ಅತ್ತೆಗೆ ಗೊತ್ತಿತ್ತು.

ಎಡವಟ್ಟು ಆಗಲಿಲ್ಲವೇ ಎಂದರೆ, ಆಯಿತು. ಬೀದರ ಕಡೆಯ ಒಬ್ಬ ಬಟ್ಟೆ ವ್ಯಾಪಾರಿಯ ಮಗಳಿಗೆ ಎಡಗೈ ಬಲು ನಿಧಾನ. ಬರೀ ಎಡಗೈಯಿಂದಲೇ ಹೊಡೆಯುವ ಉದ್ದ ಪದ ಹುಡುಕಿ ಹುಡುಕಿ ಸ್ಟುವರ್ಡೆಸ್ಸೆಸ್ ಎಂಬುದನ್ನು ಕೊಟ್ಟೆ. ವಿಮಾನದಲ್ಲಿ ಪ್ರಯಾಣಿಕರನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳು ಎಂದು ಅರ್ಥ. ಆ ಹುಡುಗಿ ಮನೆಯಲ್ಲೂ ಅಭ್ಯಾಸದ ಹಾಳೆ ಇಟ್ಟುಕೊಂಡಿದ್ದಳು. ಅವಳನ್ನು ನೋಡಲು ಬಂದ ಬೀಗರ ಕಡೆಯ ಯಾರೋ ಓದಿದವರು ಆ ಹಾಳೆ ಎತ್ತಿ ನೋಡಿದ್ದಾರೆ. ಮರುದಿನ ತಂದೆ ಮೆಟ್ಟಿಲು ಹತ್ತಿ ಬಂದರು.

"ಏನ್ರೀ ಟೀಚರಬಾಯಿ, ನನ್ನ ಮಗಳನ್ನ ವಿಮಾನದಾಗ ಚಾ ಕೊಡಾಕ ಕಳಸಾವ್ರೇನು? ಹಾಳಿತುಂಬ ಅದ ಬರಸೀರಲ್ಲ!"

ನಾನು ಎಡಗೈ ಬಲಗೈ ಎಂದು ವಿವರಿಸಿದಷ್ಟೂ ಅವರ ಸಂಶಯ ಬಲವಾಯಿತು. ಕೊನೆಗೆ ಮಾಸ್ತರು ಬೀಗರ ಮನೆಗೇ ಹೋಗಿ, ಒಂದು ಮಷಿನನ್ನೂ ಒಯ್ದು, ಎಡಗೈಯಿಂದ ಹೊಡೆದು ತೋರಿಸಿ ಬಂದರು. ಮದುವೆ ನಡೆಯಿತು. ಅಂದಿನಿಂದ ಪದದ ಅರ್ಥವನ್ನೂ ನೋಡಿ ಕೊಡುವ ಅಭ್ಯಾಸ ಬೆಳೆಸಿಕೊಂಡೆ. ವೀಣಾ, ನೀನೂ ನೋಡು.

ಇನ್ನು ಗಿರಿಜಾಳ ವಿಷಯ. ಇದನ್ನು ಹೇಳಲೆಂದೇ ಪೆನ್ನು ಹಿಡಿದದ್ದು, ಉಳಿದದ್ದೆಲ್ಲ ದಾರಿಯಲ್ಲಿ ಸಿಕ್ಕಿತು.

ಗಿರಿಜಾಳ ಗಂಡ ಲಿಂಗಂಪಲ್ಲಿಯ ಆಚೆ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಇದ್ದ. ಕಾಯಿಲೆಯಿಂದ ತೀರಿಕೊಂಡ. ಕಾರ್ಖಾನೆಯವರು ಅವನ ಬದಲಿಗೆ ಮನೆಯ ಒಬ್ಬರಿಗೆ ಆಫೀಸಿನ ಕೆಲಸ ಕೊಡುತ್ತೇವೆಂದರು. ಗಿರಿಜಾ ಮೆಟ್ರಿಕ್ ಆದವಳು. ಆದರೆ ಟೈಪಿಂಗಿನ ಮೊದಲ ಹಂತದ ಲೋಅರ್ ಪರೀಕ್ಷೆ ಪಾಸಾಗಿ ಬರಬೇಕು, ಅದಕ್ಕೊಂದು ಗಡುವು. ಗಡುವಿನೊಳಗೆ ಎರಡು ಸಲ ಪರೀಕ್ಷೆಗೆ ಕೂರಬಹುದಾಗಿತ್ತು. ಅಷ್ಟರಲ್ಲಿ ಆಗದಿದ್ದರೆ ಅವಳ ಮೈದುನ ಅರ್ಜಿ ಹಾಕುವುದೆಂದು ಮನೆಯಲ್ಲಿ ಮಾತಾಗಿತ್ತು. ಅವಳು ಚಿಕ್ಕ ಮಗಳ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಾಗ ನಾನು ಕೇಳಿದೆ.

"ಮೈದುನ ಹೆಂಗ ಅದಾನವ್ವ?"

"ಭಾಳ ಛಲೋ ಮನಷ್ಯಾ ಅದಾನ್ರಿ ಅಕ್ಕಾರ. ಇವತ್ತು ಛಲೋ ಅದಾನ. ನಾಳೆ ಅವಂಗೂ ಹೆಂಡ್ರು ಮಕ್ಕಳು ಆಗತಾವು. ಆವಾಗ ನನ್ನ ಜ್ಯೋತಿ ಒಂದು ಪೆನ್ಸಿಲ್ ಬೇಕಂದ್ರ ನಾ ಯಾರ ಮಾರಿ ನೋಡಬೇಕ್ರಿ?"

ಕೈ ಮೇಜಿನ ಮೇಲಿಡು ಎಂದೆ. ಎಡಗೈಯ ಉಂಗುರದ ಬೆರಳು ನೆಟ್ಟಗೆ ನಿಂತಿತ್ತು. ಚಿಕ್ಕವಳಿದ್ದಾಗ ತರಕಾರಿ ಹೆಚ್ಚುವ ಇಳಿಗಿಯ ಮೇಲೆ ಕೈಬಿದ್ದು ನರ ಕಡಿದಿತ್ತು. ಬೆರಳು ಸ್ವಲ್ಪ ಬಾಗುತ್ತಿತ್ತು, ಅರ್ಧ ಬಾಗಿ ನಡುಗಿ ನಿಲ್ಲುತ್ತಿತ್ತು. ಎಸ್, ಡಬ್ಲ್ಯೂ, ಎಕ್ಸ್, ಈ ಮೂರೂ ಆ ಬೆರಳಿನ ಅಕ್ಷರಗಳು. ಎಸ್ ಇಲ್ಲದೆ ಇಂಗ್ಲಿಷಿನಲ್ಲಿ ಒಂದು ಸಾಲು ಹೋಗುವುದಿಲ್ಲ.

ಮಾಸ್ತರು ಬೆರಳನ್ನು ನೋಡಿ, "ದಿನಾ ದುಡಿಸಿದ್ರ ತಾನ ಬಾಗತೈತಿ. ಸುಶೀಲಾಬಾಯಿ, ನಿಮ್ಮ ಗುಳಿಗಿ ಕೊಡ್ರಿ" ಎಂದರು. ನನಗೂ ಹಾಗೇ ಅನ್ನಿಸಿತ್ತು. ಮನೆಗೆ ಬಂದು ಅತ್ತೆಗೆ ಹೇಳಿದೆ. ಕತ್ತರಿ, ಹಾವು, ಮಾವನ ಹಲ್ಲು, ಮೂರೂ ಒಂದೇ ಪದದಲ್ಲಿರಬೇಕು. ಅತ್ತೆ ಬಹಳ ದಿನ ಹುಡುಕಿದರು. ಹಳೆಯ ಪೇಪರಿನ ಕಟ್ಟೂ ಅಟ್ಟದಿಂದ ಇಳಿಯಿತು. ಒಂದು ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಬಾಗಿಲಿಗೆ ಬಂದರು.

"ಸುಶೀಲಾ, ಸಿಕ್ತು ನೋಡ! ಕತ್ತರಿ ಒಂದು, ಹಾವು ಮೂರು, ಹಲ್ಲೂ ಐತಿ!"

ಯಾವುದೋ ಪರದೇಶದ ರಸ್ತೆಗಳ ಚಿತ್ರ. ಅದರ ಕೆಳಗೆ ಎಕ್ಸ್‌ಪ್ರೆಸ್‌ವೇಸ್. ಗಾಡಿಗಳು ತಡೆಯಿಲ್ಲದೆ ಓಡುವ ಹೆದ್ದಾರಿಗಳು. ಅರ್ಥವೂ ಒಳ್ಳೆಯದೇ ಎಂದು ಕೊಟ್ಟೆ.

ಗಿರಿಜಾ ಆ ಒಂದು ಪದಕ್ಕೆ ಜೀವ ಕೊಟ್ಟಳು. ಬೆಳಿಗ್ಗೆ ಅಡಿಗೆ ಮುಗಿಸಿ, ಬಸ್ಸು ಹಿಡಿದು ನಗರವನ್ನೇ ದಾಟಿ ಬಂದು, ಮಗಳನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿ ಶುರುಮಾಡುತ್ತಿದ್ದಳು. ಬೆರಳು ಊದಿಕೊಂಡರೆ ತಣ್ಣೀರಿನ ಲೋಟದಲ್ಲಿ ಅದ್ದಿ ಮತ್ತೆ ಹೊಡೆಯುತ್ತಿದ್ದಳು. ಪರೀಕ್ಷೆಯ ಹೊತ್ತಿಗೆ ಆ ಪದ ಅವಳ ಕೈಯಿಂದ ಸರಾಗವಾಗಿ ಹರಿಯತೊಡಗಿತು. ಬಿಡಿ ಎಸ್ ಇನ್ನೂ ತಡವರಿಸುತ್ತಿತ್ತು, ಆದರೆ ಆ ಪದ ಮಾತ್ರ ನಿಲ್ಲುತ್ತಿರಲಿಲ್ಲ. ನಾವು ಅದನ್ನು ಗುಣವೆಂದೇ ತಿಳಿದೆವು.

ಪರೀಕ್ಷೆಗೆ ನಮ್ಮ ಮಷಿನ್‌ಗಳನ್ನು ನಾವೇ ರಿಕ್ಷಾದಲ್ಲಿ ಹೇರಿಕೊಂಡು ಒಂದು ಶಾಲೆಗೆ ಒಯ್ಯುತ್ತಿದ್ದೆವು. ಪ್ರತಿಯೊಬ್ಬರಿಗೂ ತಾವು ಕಲಿತ ಮಷಿನೇ ಬೇಕು. ಅಂದು ಗಿರಿಜಾ ಹೊರಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಎಕ್ಸ್‌ಪ್ರೆಸ್ ಎಂಬ ಪದ ಬಂದಿತ್ತಂತೆ, ಸುಮ್ಮನೆ ಅಷ್ಟೇ. ಇವಳ ಬೆರಳುಗಳು ಅಲ್ಲಿಗೆ ನಿಲ್ಲದೆ ಎಕ್ಸ್‌ಪ್ರೆಸ್‌ವೇಸ್ ಎಂದು ಪೂರ್ತಿ ಹೊಡೆದುಬಿಟ್ಟವು. ಅಳಿಸುವಂತಿಲ್ಲ. ಒಂದು ತಪ್ಪಿಗೆ ಯಾರೂ ಫೇಲಾಗುವುದಿಲ್ಲ. ಆದರೆ ತನ್ನ ಕೈ ತನ್ನ ಮಾತು ಕೇಳಲಿಲ್ಲವೆಂದು ಇವಳು ಹೌಹಾರಿದಳು.

"ಮುಂದಿಂದು ಕಾಣಸವಲ್ದಾತ್ರಿ ಅಕ್ಕಾರ. ಗಂಟಿ ಹೊಡಿಯೂತನ ಹಂಗ ಕುಂತೆ."

ಅರ್ಧ ಪುಟ ಬಿಳಿ ಉಳಿದಿತ್ತು, ಪಾಸಾಗುವ ಮಾತೇ ಇರಲಿಲ್ಲ. ಇನ್ನುಳಿದದ್ದು ಒಂದೇ ಸಲ. ಕಲಿಸುವವರು ಯಾರೂ ಪಾಠದಲ್ಲಿ ಹೇಳದ ಸಂಗತಿ ಇದು. ಬೆರಳಿಗೆ ಬುದ್ಧಿಯಿಲ್ಲ, ನೆನಪು ಮಾತ್ರ ಇದೆ. ರೂಢಿಯಾದದ್ದನ್ನೇ ಹೊಡೆಯುತ್ತಾ ಹೋಗುತ್ತದೆ.

ಮನೆಗೆ ಬಂದು ಅತ್ತೆಗೆ ಹೇಳಬಾರದೆಂದು ಅಂದುಕೊಂಡಿದ್ದೆ. ಅವರು ಮುಖ ನೋಡಿಯೇ ಹಿಡಿದರು. ಎಲ್ಲ ಕೇಳಿದ ಮೇಲೆ, "ನಾ ಹುಡುಕಿದ ಪದಾನ ಆ ಹುಡುಗಿ ಕೈ ಕಟ್ಟಿತಲ್ಲ" ಎಂದು ಕನ್ನಡಕ ತೆಗೆದಿಟ್ಟರು. ವಾರವಿಡೀ ಪೇಪರು ಮುಟ್ಟಲಿಲ್ಲ. ಗಂಡ ಸತ್ತ ಹೊಸದರಲ್ಲಿ ನಾಲ್ಕು ಮಕ್ಕಳ ಜೊತೆ ಭಾವನ ಮನೆಯಲ್ಲಿದ್ದ ತಮ್ಮ ತಾಯಿಯ ಮಾತನ್ನು ಅವರು ನನಗೆ ಹೇಳಿದ್ದು ಆಗಲೇ. ಹಸಿವೆಗಿಂತ ಇನ್ನೊಬ್ಬರನ್ನು ಕೇಳುವುದು ಕಷ್ಟ ಎನ್ನುತ್ತಿದ್ದರಂತೆ ಆ ತಾಯಿ.

ಗಿರಿಜಾಳ ಮಾವ ಒಂದು ದಿನ ಇನ್‌ಸ್ಟಿಟ್ಯೂಟಿಗೆ ಬಂದರು. ಕೆಟ್ಟವರಲ್ಲ, ಕಂಗಾಲಾಗಿದ್ದರು.

"ಬಾಯಾರ, ಆಗೂದಿದ್ರ ಆಗತೈತಿ ಅನ್ರಿ, ಇಲ್ಲಂದ್ರ ಇಲ್ಲ ಅನ್ರಿ. ಸಣ್ಣ ಮಗನ ಕಾಗದಪತ್ರ ತಯಾರ ಮಾಡಬೇಕು. ಇದ್ದ ನೌಕರಿನೂ ಕೈ ಬಿಟ್ರ ಮನಿಗೆ ಮನಿನ ಉಪವಾಸ ಕೂಡಬೇಕಾಗತೈತಿ."

ಆಗುತ್ತದೆ ಎಂದುಬಿಟ್ಟೆ. ಹೇಗೆ ಎಂಬುದು ನನಗೂ ಗೊತ್ತಿರಲಿಲ್ಲ. ಅವರು ಹೋದ ಮೇಲೆ ಗಿರಿಜಾಳ ಕಡೆ ತಿರುಗಿದೆ. ಅವಳು ಮಷಿನಿಗೆ ಬೆನ್ನು ಮಾಡಿ ಮಗಳ ಜಡೆ ಹೆಣೆಯುತ್ತಿದ್ದಳು. ಸಿಟ್ಟು, ದುಃಖ ಎಲ್ಲ ಕೈಗೆ ಬಂದಿತ್ತು, ಕೈ ಸರಸರ ಓಡುತ್ತಿತ್ತು. ನಾನು ಸುಮ್ಮನೆ ನೋಡಿದೆ. ಎಡಗೈ ಉಂಗುರದ ಬೆರಳು ಪಕ್ಕಕ್ಕೆ ಸರಿದು ನೆಟ್ಟಗೆ ನಿಂತಿತ್ತು. ಅದರ ಕೆಲಸವನ್ನು ನಡುಬೆರಳು ಮಾಡುತ್ತಿತ್ತು. ಇಷ್ಟು ವರ್ಷ ರೊಟ್ಟಿ ಬಡಿದದ್ದು, ಬಟ್ಟೆ ಹಿಂಡಿದ್ದು, ಹೂ ಕಟ್ಟಿದ್ದು ಎಲ್ಲವೂ ಹಾಗೇ. ಆ ಕೈ ತನ್ನ ಹಾದಿಯನ್ನು ಎಂದೋ ಕಂಡುಕೊಂಡಿತ್ತು. ನಾವೇ ಮಲಗಿದ ಬೆರಳನ್ನು ಎಬ್ಬಿಸುತ್ತೇವೆಂದು ಹಟ ಹಿಡಿದಿದ್ದೆವು.

"ಗಿರಿಜಾ, ಆ ಬೆರಳಿಗೆ ಇನ್ನ ಕೆಲಸ ಇಲ್ಲ. ಅದರ ಮೂರೂ ಅಕ್ಷರ ನಡುಬೆರಳಿಗೆ" ಎಂದೆ.

ಮಾಸ್ತರಿಗೆ ತಿಳಿದಾಗ ಕೆಂಡವಾದರು. "ನಾ ಪಟಾ ಯಾಕ ಬರದು ಹಾಕೀನ್ರಿ? ಒಬ್ಬಾಕಿಗೆ ಒಂದು ಬೆರಳು ಮಾಫ್ ಮಾಡಿದ್ರ ನಾಳೆ ಎಲ್ಲಾರೂ ಕೋಳಿ ಆಗತಾರ!" ಎಂದರು. ನಾನೂ ಸಿಟ್ಟಿನವಳೇ. "ಪಟಾ ಎರಡೂ ಕೈ ನೆಟ್ಟಗ ಇದ್ದಾವರಿಗೆ ಬರದೀರಿ ಮಾಸ್ತರ. ಈಕಿದು ಎಲ್ಲಿ ಬರದೀರಿ, ತೋರಸ್ರಿ" ಎಂದೆ. ಯಜಮಾನರ ಎದುರು ಹಾಗೆ ಮಾತಾಡಿದ್ದು ಅದೇ ಮೊದಲು. ಅವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಈಗ ಹೊಸ ಕಷ್ಟ. ನಡುಬೆರಳಿಗೆ ತನ್ನದೇ ಡಿ, ಇ, ಸಿ ಇದ್ದವು, ಅವುಗಳ ಮೇಲೆ ಈ ಮೂರು. ಎಕ್ಸೀಡೆಡ್ ಎಂಬ ಪದ ಬಂದರೆ ಎಲ್ಲ ಅಕ್ಷರವೂ ಆ ಒಂದು ಬೆರಳಿನ ತಲೆಯ ಮೇಲೆ. ಅದಕ್ಕೆ ಈಗ ಬೇಕಾದದ್ದು ಬೇರೆ ಬಗೆಯ ಉದ್ದ ಪದ. ಎಡಗೈ ಸ್ವಲ್ಪ ದುಡಿಯಬೇಕು, ನಡುವೆ ಬಲಗೈ ಓಡಬೇಕು, ಅಷ್ಟರಲ್ಲಿ ನಡುಬೆರಳು ತನ್ನ ಮನೆಗೆ ಬಂದು ಕೂತಿರಬೇಕು. ಅತ್ತೆಯ ಮುಂದೆ ಪೇಪರು ಹಿಡಿದೆ. ಬೇಡವೆಂದರು.

"ಈ ಸಲ ಅಂಥಾದ್ದಲ್ಲ ಅತ್ತಿ. ಕತ್ತರಿ ಮುಂಚೆ ಬರಬೇಕು, ಕಡೀಕೆ ಹಾವು ಬರಬೇಕು, ನಡುವ ಉದ್ದ ಜಾಗಾ ಇರಬೇಕು. ಆ ಜಾಗಾದಾಗ ಬೆರಳಿಗೆ ದಣಿವು ಆರತೈತಿ" ಎಂದೆ.

"ದಣಿವು ಆರಸೂ ಪದಾನ?" ಎಂದು ಮೆಲ್ಲನೆ ಕನ್ನಡಕಕ್ಕೆ ಕೈಹಾಕಿದರು. ಯಾವುದೋ ಸಂಗೀತ ಕಛೇರಿಯ ಸುದ್ದಿಯಲ್ಲಿ ಸ್ಯಾಕ್ಸೊಫೋನಿಸ್ಟ್ಸ್ ಎಂಬ ಪದಕ್ಕೆ ಕುಂಕುಮವಿಟ್ಟು ಕೊಟ್ಟರು. ಅಚ್ಚುಕಟ್ಟಾದ ಪದ. ಮೊದಲು ಎಡಗೈ, ನಡುವೆ ಬಲಗೈಯ ದೊಡ್ಡ ಓಟ, ಕೊನೆಗೆ ಮತ್ತೆ ಎಡಗೈ. ಸ್ಯಾಕ್ಸೊಫೋನ್ ಎಂಬ ವಾದ್ಯ ಊದುವವರು ಎಂದು ತಿಳಿದ ಮೇಲೆ ಅತ್ತೆ, "ನಡುವ ಉಸರು ತಗೋತಾರಲ್ಲ, ಸರಿ ಐತಿ" ಎಂದರು.

ಆದರೆ ಈ ಸಲ ಯಾವ ಪದವನ್ನೂ ನಾನು ಅವಳಿಗೆ ಎರಡು ದಿನಕ್ಕಿಂತ ಹೆಚ್ಚು ಕೊಡಲಿಲ್ಲ. ಎಕ್ಸ್‌ಪ್ರೆಸ್‌ನಿಂದ ಶುರುವಾಗುವ ಪದಗಳನ್ನೆಲ್ಲ ಕಲಸಿ ಕೊಟ್ಟೆ. ಎಕ್ಸ್‌ಪ್ರೆಸ್ಡ್, ಎಕ್ಸ್‌ಪ್ರೆಶನ್, ಎಕ್ಸ್‌ಪ್ರೆಸ್ಲಿ. ಬಾಲ ಪ್ರತಿಸಲ ಬೇರೆ. ಕಣ್ಣು ಹೇಳುವವರೆಗೆ ಕೈ ಕಾಯಬೇಕು. ಒಮ್ಮೊಮ್ಮೆ ಹಳೆಯ ಪದ ನುಗ್ಗಿಬರುತ್ತಿತ್ತು, ಗಿರಿಜಾ ಹಲ್ಲು ಕಚ್ಚುತ್ತಿದ್ದಳು. "ಬಂದ್ರ ಬರಲಿ, ಕೈ ನಿಲ್ಲಸಬ್ಯಾಡ. ಮುಂದಿನ ಪದಾ ಹೊಡಿ" ಎನ್ನುತ್ತಿದ್ದೆ. ಬೇಕೆಂದೇ ನಾನು ಹಿಂದೆ ಕುರ್ಚಿ ಎಳೆದು ಸದ್ದು ಮಾಡುತ್ತಿದ್ದೆ, ಪಾತ್ರೆ ಬೀಳಿಸುತ್ತಿದ್ದೆ. ತಪ್ಪಿದರೂ ಅವಳು ಮುಂದೆ ಹೋಗುವುದನ್ನು ಕಲಿಯಬೇಕಿತ್ತು.

ಮಾಸ್ತರು ದೂರದಿಂದ ಇದನ್ನೆಲ್ಲ ನೋಡುತ್ತಿದ್ದರು. ಪರೀಕ್ಷೆಯ ಬೆಳಿಗ್ಗೆ ಮಷಿನ್‌ಗಳನ್ನು ರಿಕ್ಷಾಕ್ಕೆ ಏರಿಸುವಾಗ ತಮ್ಮ ಸ್ವಂತ ಮಷಿನನ್ನು ಎತ್ತಿಕೊಂಡು ಬಂದರು. ಅದರ ಕೀಲಿಗಳು ಬೆಣ್ಣೆಯಷ್ಟು ಮೆದು. ಬೇರೆಯವರು ಅದನ್ನು ಮುಟ್ಟುವಂತಿರಲಿಲ್ಲ.

"ಇದನ್ನ ಆ ಹುಡುಗಿಗೆ ಕೊಡ್ರಿ. ವಾರದಿಂದ ಸಂಜಿಮುಂದ ಇದರ ಮ್ಯಾಲನ ಕುಂದರಸೀನಿ, ನೀವು ಹೋದ ಮ್ಯಾಲ" ಎಂದರು. ನಾನು ಬಾಯಿ ಬಿಟ್ಟುಕೊಂಡು ನಿಂತೆ. "ಹಂಗ್ಯಾಕ ನೋಡ್ತೀರಿ? ಪರೀಕ್ಷಾದಾಗ ಕಾಗದ ನೋಡತಾರ, ಬೆರಳು ಯಾರು ನೋಡತಾರ?" ಎಂದು ಕೋಟಿನ ಗುಂಡಿ ಹಾಕಿಕೊಂಡು ಒಳಗೆ ಹೋದರು. ಅಂದಿನಿಂದ ಅವರು ಗದರಿದರೂ ನನಗೆ ಸಿಟ್ಟು ಬರಲಿಲ್ಲ.

ಪರೀಕ್ಷೆಯ ಕೋಣೆಯ ಹೊರಗೆ ಜ್ಯೋತಿಯನ್ನು ಮಡಿಲಲ್ಲಿ ಕೂರಿಸಿಕೊಂಡು ನಾನು ಕಾದೆ. ಎಷ್ಟೇ ಮಷಿನ್ ಇದ್ದರೂ ನನ್ನ ಹುಡುಗರ ಸದ್ದು ಗುರುತಿಸುತ್ತೇನೆಂದು ಜಂಭ ಕೊಚ್ಚುತ್ತಿದ್ದವಳು ನಾನು. ಅಂದು ಒಳಗಿನಿಂದ ಬಂದದ್ದು ಬರೀ ಗದ್ದಲ. ಅದರಲ್ಲಿ ಗಿರಿಜಾ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ ತಿಳಿಯಲಿಲ್ಲ. ಮಗು ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ಆಡುತ್ತಿತ್ತು. ಗಂಟೆ ಹೊಡೆಯಿತು. ಗಿರಿಜಾ ಬಂದು ಮಗಳನ್ನು ಎತ್ತಿಕೊಂಡಳು.

"ಕಡೀತನ ಹೊಡದ್ನಿರಿ ಅಕ್ಕಾರ. ನಡುವ ಎರಡು ಕಡೆ ತಪ್ಪಿತು. ಬಿಟ್ಟು ಮುಂದ ಹೋದೆ."

ಫಲಿತಾಂಶ ಬರುವವರೆಗಿನ ದಿನಗಳನ್ನು ನಮ್ಮ ಅತ್ತೆ ಹೇಗೆ ಕಳೆದರೋ ಅವರಿಗೇ ಗೊತ್ತು. ದಿನಾ ಸಂಜೆ ಅದೇ ಪ್ರಶ್ನೆ. ಕೊನೆಗೆ ಒಂದು ದಿನ ಗಿರಿಜಾಳೇ ಮನೆಗೆ ಬಂದಳು, ಅವಳ ಮಾವನೂ ಬಂದರು. ಪಾಸಾಗಿತ್ತು. ಅತ್ತೆ ಅವಳ ಎಡಗೈಯನ್ನು ತಮ್ಮ ಕೈಯಲ್ಲಿ ಹಿಡಿದು, ಆ ನೆಟ್ಟಗಿನ ಬೆರಳನ್ನು ಸವರಿ, ಒಳಗೆ ಹೋಗಿ ಸಕ್ಕರೆ ತಂದರು. ಮಾವ ಚಹಾ ಕುಡಿಯುತ್ತಾ, "ಸಣ್ಣವ ಎಲ್ಲೆರ ನೋಡಿಕೋತಾನ ಬಿಡ್ರಿ, ಗಂಡಸು ಮಗ" ಎಂದರು. ಅವರ ದನಿಯಲ್ಲಿ ಬೇಸರ ಇರಲಿಲ್ಲ, ಹಗುರವಾದ ಹಾಗಿತ್ತು.

ಕೆಲಸಕ್ಕೆ ಹಾಜರಾಗುವ ದಿನ ಗಿರಿಜಾ, "ಅಕ್ಕಾರ, ಗೇಟಿನತನ ಬರ್ರಿ" ಎಂದು ಕೇಳಿಕೊಂಡಳು. ರಜೆ ಹಾಕಿ ಹೋದೆ. ಲಿಂಗಂಪಲ್ಲಿ ದಾಟಿ ಬಸ್ಸು ಇಳಿದೆವು. ದಾರಿಯಲ್ಲಿ ಅವಳು ಹೇಳಿದಳು, ಗಂಡ ತೀರಿದ ಮೇಲೆ ಈ ಗೇಟಿಗೆ ಎಷ್ಟೋ ಸಲ ಬಂದಿದ್ದಳಂತೆ. ಆ ಕಾಗದ, ಈ ಸಹಿ. ಪ್ರತಿಸಲವೂ ಒಬ್ಬ ಸಾಹೇಬರ ಹೆಸರು ಹೇಳಿ, ಇಂಥವರ ಹೆಂಡತಿ ಎಂದು ಬರೆಸಿ, ಅವರು ಕರೆಯುವವರೆಗೆ ಹೊರಗಿನ ಬೇವಿನ ಮರದ ಕೆಳಗೆ ನಿಲ್ಲಬೇಕಾಗುತ್ತಿತ್ತು.

ನಾನು ರಸ್ತೆಯ ಈಚೆ ನಿಂತೆ. ಅವಳು ಸೆರಗು ಸರಿಮಾಡಿಕೊಂಡು ಗೇಟಿಗೆ ಹೋದಳು. ವಾಚ್‌ಮನ್ ಮುಖ ಎತ್ತದೆ ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದ.

"ಕಿಸ್ಸೆ ಮಿಲ್ನಾ ಹೈ, ಅಮ್ಮಾ?"

ಯಾರನ್ನು ಕಾಣಬೇಕು? ಗಿರಿಜಾ ಕೈಚೀಲದಿಂದ ಆದೇಶದ ಕಾಗದ ತೆಗೆದು ಅವನ ಮುಂದೆ ಹಿಡಿದಳು. ಅವಳ ದನಿ ರಸ್ತೆ ದಾಟಿ ನನ್ನವರೆಗೂ ಬಂತು.

"ಕಿಸೀಸೆ ನೈ, ಭಾಯ್. ನೌಕ್ರಿ ಕು ಆಯೀ ಮೈಂ."

ಯಾರನ್ನೂ ಅಲ್ಲ. ಕೆಲಸಕ್ಕೆ ಬಂದಿದ್ದೇನೆ. ಅವನು ಕಾಗದ ಓದಿದ, ಮುಖ ಎತ್ತಿ ನೋಡಿದ, ಎದ್ದು ನಿಂತು ಪಕ್ಕದ ಚಿಕ್ಕ ಬಾಗಿಲು ತೆರೆದ. ಅವಳು ಬೇವಿನ ಮರದ ಕಡೆ ತಿರುಗದೆ ನೇರ ಒಳಗೆ ಹೋದಳು. ನಾನು ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತು ಮನಸಾರೆ ಅತ್ತುಬಿಟ್ಟೆ. ಒಂದು ಬಸ್ಸು ಬಂದು ಹೋಯಿತು. ಅದರ ಮುಂದಿನದಕ್ಕೆ ಹತ್ತಿದೆ.